ಹಾವೇರಿಯವರ ರೇಸಿಗೆ ಯಾವ ಕಾರು?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಹುಡುಗರು ಕಡಿಮೆ ದುಡ್ಡಿನಲ್ಲಿ ಮೋಟಾರು ಕ್ರೀಡೆಗೆ ಇಳಿಯುವುದಾದರೆ ಮೊದಲು ಆರಿಸಬೇಕಾದ್ದು ಕಾರನ್ನಲ್ಲ, ವಿಭಾಗವನ್ನು. ಟ್ರ್ಯಾಕ್ ರೇಸಿಗೆ ಚೆನ್ನೈ, ಕೊಯಮತ್ತೂರಿನವರೆಗೆ ಹೋಗಬೇಕು. ಹಳೆಯ ಮಾರುತಿ ಎಸ್ಟೀಮ್ ಕಾರು ಅಗ್ಗಕ್ಕೆ ಸಿಕ್ಕೀತು; ಕಾರು ಉರುಳಿದರೆ ಕಾಪಾಡುವ ರೋಲ್ ಕೇಜ್, ಬೆಂಕಿ ತಡೆಯುವ ಉಡುಪು, ಮೇಲಿಂದ ಮೇಲೆ ಸವೆಯುವ ಟೈರು ಅಗ್ಗಕ್ಕೆ ಸಿಗುವುದಿಲ್ಲ. ಸಮಯ, ವೇಗ, ದೂರದ ಲೆಕ್ಕದ ಟಿಎಸ್‌ಡಿ ರ‍್ಯಾಲಿಗಾದರೆ ಮನೆಯಲ್ಲಿರುವ ಸ್ವಿಫ್ಟೇ ಸಾಕು. ವೇಗವಿಲ್ಲದ್ದು ಎಂಥ ರೇಸು ಎಂದು ಕೇಳುವವರಿದ್ದಾರೆ. ಇದರಲ್ಲಿ ಕೊಟ್ಟ ಸರಾಸರಿ ವೇಗವನ್ನು ಕಾಯ್ದುಕೊಂಡು ಗೊತ್ತಾದ ಹೊತ್ತಿಗೇ ಗುರುತಿನ ಜಾಗ ಮುಟ್ಟಬೇಕು; ಬೇಗ ಬಂದರೂ ತಡವಾದರೂ ದಂಡದ ಅಂಕ ಬೀಳುತ್ತದೆ. ಪಕ್ಕದಲ್ಲಿ ಕೂತು ಲೆಕ್ಕ ಹಾಕುವವರ ಜಾಣತನಕ್ಕೆ ಇಷ್ಟು ಬೆಲೆಯಿರುವ ಮೋಟಾರು ಸ್ಪರ್ಧೆ ಬೇರೆ ಕಡಿಮೆ. ಆದರೆ ಊರ ಪಕ್ಕದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಪಂದ್ಯ ಕಟ್ಟಬೇಡಿ. ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ.