ಓಲೆ ಮಡಚುವ ಹುಳ

ಏಣಿಲು ಗದ್ದೆಯ ಹುಣಿಯಲ್ಲಿ ನಡೆಯುವಾಗ ಕಾಲಬುಡದಿಂದ ಪುಟ್ಟ ಪತಂಗಗಳು ಎದ್ದು, ನಾಲ್ಕು ಮಾರು ಹಾರಿ, ಮತ್ತೆ ಪೈರಿನೊಳಗೆ ಅಡಗುವುದನ್ನು ನಮ್ಮವರೆಲ್ಲ ಕಂಡಿದ್ದಾರೆ. ರೆಕ್ಕೆ ಬಿಡಿಸಿದರೂ 2 ಸೆಂಟಿಮೀಟರಿಗಿಂತ ಹೆಚ್ಚಿಲ್ಲ. ಒಣಹುಲ್ಲಿನ ಬಣ್ಣ, ಮೇಲೆ ಅಡ್ಡಡ್ಡ ಕಪ್ಪು ಗೆರೆ, ಸೀರೆಗಿದ್ದಂತೆ ಅಂಚಿಗೊಂದು ಕಪ್ಪು ಕರೆ. ವಿಜ್ಞಾನದಲ್ಲಿ ಇದು ನಫಲೋಕ್ರೋಸಿಸ್ ಮೆಡಿನಾಲಿಸ್. 1854ರಲ್ಲಿ ಫ್ರಾನ್ಸಿನ ಗೆನೆ ಎಂಬವರು ವಿವರಿಸಿದ ಜಾತಿ. ಇದರ ಮರಿಗೆ ಕನ್ನಡದಲ್ಲಿ ಎಲೆ ಸುರುಳಿ ಹುಳು, ಮಲಯಾಳದಲ್ಲಿ ಓಲಚುರುಟ್ಟಿ.

ನನಗೆ ಮಲಯಾಳದ ಹೆಸರೇ ಹೆಚ್ಚು ಇಷ್ಟ. ನಮ್ಮ ಕಿವಿಗೆ ಓಲೆಯೆಂದರೆ ಕಾಗದವೂ ಹೌದಲ್ಲ. ತಿಳಿಹಸಿರಿನ ಆ ಹುಳು ಭತ್ತದ ಗರಿಯ ಎರಡು ಅಂಚುಗಳನ್ನು ತನ್ನದೇ ನೂಲಿನಿಂದ ಹೊಲಿದು, ಕಾಗದ ಮಡಚಿದಂತೆ ಮಡಚಿ, ಒಳಗೆ ಕುಳಿತು ಹಸಿರನ್ನು ಕೆರೆದು ತಿನ್ನುತ್ತದೆ. ಉಳಿಯುವುದು ಬಿಳಿ ಗೀರು. ಒಂದು ಗರಿ ಮುಗಿದರೆ ಇನ್ನೊಂದು.

ಒಂದು ವರ್ಷ ನಾಟಿಯಾಗಿ ತಿಂಗಳಾಗುವ ಮೊದಲೇ ನಮ್ಮ ಗದ್ದೆ ಬಿಳಿಚಿತು. ತಮ್ಮ ಮದ್ದಿನ ಬಾಟಲಿ ತಂದ. ಅಮ್ಮ ಜಗಲಿಯಿಂದಲೇ ಹೇಳಿದರು: "ಗದ್ದೆಯ ಬದಿಯಲ್ಲೇ ಬಾವಿ ಉಂಟಲ್ಲ ಮಗಾ, ಮೊದಲು ಮುಳ್ಳು ಎಳೆದು ನೋಡಿ." ಎಂಡೋಸಲ್ಫಾನಿನ ನೋವು ಕಂಡ ಜಿಲ್ಲೆಯಲ್ಲಿ ಆ ಮಾತಿಗೆ ವಿವರಣೆ ಬೇಡ. ಮುಳ್ಳಿನ ಗೆಲ್ಲನ್ನು ಹಗ್ಗಕ್ಕೆ ಕಟ್ಟಿ, ನಾವಿಬ್ಬರೂ ಪೈರಿನ ಮೇಲೆ ಎಳೆದೆವು. ಮಡಿಕೆಗಳು ಬಿಚ್ಚಿದವು, ಹುಳುಗಳು ಕೆಳಗೆ ಬಿದ್ದವು. ವಾರ ಕಳೆಯುವಾಗ ಪೈರು ಹೊಸ ಗರಿ ಬಿಟ್ಟಿತ್ತು. ಬಾಟಲಿಯ ಮುಚ್ಚಳ ತೆಗೆಯಲೇ ಇಲ್ಲ.

ವಿಯೆಟ್ನಾಮಿನ ಮೆಕಾಂಗ್ ಬಯಲಿನ ರೈತರಿಗೂ 1994ರಿಂದ ರೇಡಿಯೋ, ಕರಪತ್ರಗಳ ಮೂಲಕ ಇದನ್ನೇ ಹೇಳಲಾಯಿತು: ಬಿತ್ತಿದ ಮೊದಲ 40 ದಿನ ಈ ಹುಳುವಿಗೆಂದು ಮದ್ದು ಬೇಡ. ಎಳೆಯ ಪೈರು ಕಳೆದುಕೊಂಡ ಗರಿಯನ್ನು ತಾನೇ ತುಂಬಿಕೊಳ್ಳುತ್ತದೆ. ಮದ್ದಿಗೆ ಮೊದಲು ಸಾಯುವುದು ಹುಳ ತಿನ್ನುವ ಜೇಡ, ಮೊಟ್ಟೆಯನ್ನು ಕೊಲ್ಲುವ ಕಿರುಕಣಜ. ಭಾರತದಿಂದ ಚೀನಾ, ಆಸ್ಟ್ರೇಲಿಯಾದವರೆಗೂ ಈ ಪತಂಗವುಂಟು. ಜಪಾನಿಗೆ ಪ್ರತಿ ಬೇಸಗೆಯಲ್ಲೂ ಸಮುದ್ರ ದಾಟಿ, ಗಾಳಿಯೊಡನೆ ಹೋಗುತ್ತದೆ.

ನಮ್ಮ ಬಯಲಿನ ಹೆಚ್ಚಿನ ಗದ್ದೆಗಳು ಈಗ ಅಡಿಕೆ ತೋಟ. ಹುಳುವಿಗೆ ಹುಲ್ಲಾದರೂ ಸಾಕು, ಬದುಕಿಕೊಳ್ಳುತ್ತದೆ. ಅದರ ಎರಡೂ ಹೆಸರುಗಳು ಉಳಿಯಲು ಮಾತ್ರ ಗದ್ದೆಯೇ ಬೇಕು. ತಮ್ಮ ಈ ಸಲವೂ ಬಾವಿಯ ಬದಿಯ ಗದ್ದೆಯನ್ನು ನೆಟ್ಟಿದ್ದಾನೆ.