ಅಂಕಿಗೆ ಅಕ್ಷರದ ಕಾವಲು

ಮಾತಿನಲ್ಲಿ ನಾವು ಲೆಕ್ಕದ ವಿಷಯಕ್ಕೆ ಬಲು ಧಾರಾಳಿಗಳು. ‘ನಾಲ್ಕೈದು ದಿನದಲ್ಲಿ ಬರ್ತೀನಿ’, ‘ಹತ್ತು ಹನ್ನೆರಡು ಜನ ಇದ್ರು’ ಅಂದರೆ ಕೇಳಿದವರು ತಲೆಯಾಡಿಸುತ್ತಾರೆ, ಯಾರೂ ಬೆರಳು ಮಡಚಿ ಎಣಿಸಲ್ಲ. ಅದೇ ಮಾತು ವ್ಯವಹಾರದ ಪತ್ರಕ್ಕೆ ಇಳಿದಾಗ ಮಾತ್ರ ಕಷ್ಟ.

ಸಣ್ಣದೊಂದು ಸಿದ್ಧ ಉಡುಪು ಘಟಕದಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವುದು ನನ್ನ ಕೆಲಸ. ಒಮ್ಮೆ ಡಿಸೆಂಬರ್ 3ರಂದು ಬಟ್ಟೆ ಪೂರೈಸುವವರು ‘ಮಾಲು 10-12ಕ್ಕೆ ಬರುತ್ತದೆ’ ಎಂದು ಬರೆದರು. ನಮ್ಮ ಮೇಲ್ವಿಚಾರಕರು ಅದನ್ನು ಡಿಸೆಂಬರ್ 10 ಎಂದು ಓದಿ ಹೊಲಿಗೆಯವರನ್ನೆಲ್ಲ ಕರೆಸಿದರು. ಬರೆದವರ ಲೆಕ್ಕದಲ್ಲಿ ಅದು ‘ಹತ್ತು ಹನ್ನೆರಡು ದಿನ’! ಬಟ್ಟೆ ಬಂದಿದ್ದು 15ಕ್ಕೆ. ಹೊಲಿದ ಪೀಸಿಗಿಷ್ಟು ಅಂತ ಕೂಲಿ ಪಡೆಯುವ ಹೆಣ್ಣುಮಕ್ಕಳಿಗೆ ಐದು ದಿನದ ದುಡಿಮೆ ಹೋಯಿತು. ಅವರಲ್ಲಿ ಯಾರೂ ಆ ಪತ್ರವನ್ನು ಕಣ್ಣಿಂದ ಕೂಡ ನೋಡಿರಲಿಲ್ಲ.

ಹಾಗಾಗಿ ತಾರೀಖಿನಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯುವುದು ಒಳ್ಳೆಯದು. ನಮಗೆ 5/6 ಅಂದರೆ ಜೂನ್ 5, ಅಮೆರಿಕದವರಿಗೆ ಮೇ 6. ‘5 ಜೂನ್’ ಎಂದರೆ ಇಬ್ಬರಿಗೂ ಒಂದೇ.

ದುಡ್ಡಿನ ವಿಷಯದಲ್ಲೂ ಅಷ್ಟೇ. ನಮ್ಮ 15,00,000 ಹೊರದೇಶದವರಿಗೆ 1,500,000. ಹದಿನೈದು ಲಕ್ಷವೇ ಅವರ ಒಂದೂವರೆ ಮಿಲಿಯನ್. ಜರ್ಮನಿಯಲ್ಲಂತೂ 1.500 ಎಂದರೆ ಒಂದೂವರೆ ಅಲ್ಲ, ಸಾವಿರದ ಐನೂರು. ಪತ್ರ ಓದುವವರು ಯಾವ ಊರಿನವರು ಎಂದು ನೋಡಿ ಅಲ್ಪವಿರಾಮ ಹಾಕಬೇಕು. ಜೊತೆಗೆ ಮೊತ್ತವನ್ನು ಅಕ್ಷರದಲ್ಲೂ ಬರೆದರೆ ಅನುಮಾನಕ್ಕೆ ಎಡೆಯೇ ಇಲ್ಲ.

ನಮ್ಮ ಹಿರಿಯರು ಕ್ರಯಪತ್ರಗಳಲ್ಲಿ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ, ಕೊನೆಗೆ ‘ಮಾತ್ರ’ ಎಂದು ಸೇರಿಸುತ್ತಿದ್ದದ್ದು ಸುಮ್ಮನೆ ಅಲ್ಲ. ಅಂಕಿಯ ಪಕ್ಕ ಒಂದು ಸೊನ್ನೆ ಕೂರಿಸುವುದು ಸುಲಭ. ‘ಐವತ್ತು ಸಾವಿರ ರೂಪಾಯಿ ಮಾತ್ರ’ ಎಂಬುದನ್ನು ಐದು ಲಕ್ಷ ಮಾಡುವುದು ಅಷ್ಟು ಸುಲಭವಲ್ಲ. ಚೆಕ್ಕಿಗೆ ಸಂಬಂಧಪಟ್ಟ 1881ರ ಕಾಯ್ದೆ ಕೂಡ ಇದನ್ನೇ ಹೇಳುತ್ತದೆ: ಅಂಕಿಗೂ ಅಕ್ಷರಕ್ಕೂ ತಾಳೆಯಾಗದಿದ್ದರೆ ಅಕ್ಷರದಲ್ಲಿ ಬರೆದಿದ್ದೇ ಲೆಕ್ಕಕ್ಕೆ.

ಈಗ ಎಲ್ಲವೂ ಮೊಬೈಲ್‌ನಲ್ಲಿ, ಅವಸರದಲ್ಲಿ. ಅಕ್ಷರ ತಪ್ಪಿದರೆ ಓದುವವರು ಊಹಿಸಿ ಸರಿಮಾಡಿಕೊಳ್ಳುತ್ತಾರೆ. ಅಂಕಿ ತಪ್ಪಿದರೆ ಅದು ತಪ್ಪು ಅಂತಾನೇ ಗೊತ್ತಾಗಲ್ಲ, ಎಷ್ಟೋ ಸಲ ನಷ್ಟ ಆದಮೇಲೇ ಗೊತ್ತಾಗೋದು. ಕಳಿಸುವ ಮುಂಚೆ ಅಂಕಿಗಳನ್ನಷ್ಟೇ ಇನ್ನೊಮ್ಮೆ ಗಟ್ಟಿಯಾಗಿ ಓದಿ ನೋಡಿ. ಅರ್ಧ ನಿಮಿಷದ ಕೆಲಸ.