ಪ್ಲೇಟಿನ ಗೀರು

ನಮ್ಮ ಮಲೆನಾಡಿನ ಬೂಷ್ಟಿಗೆ ಸಂಗೀತದ ಮೇಲೂ ಮಮತೆ. ತಂದೆಯವರು ಬಿಟ್ಟುಹೋದ ಮಲ್ಲಿಕಾರ್ಜುನ ಮನ್ಸೂರರ ವಿನೈಲ್ ಪ್ಲೇಟನ್ನು ರಿಪ್ಪನ್‌ಪೇಟೆಯ ಮನೆಯ ಅಟ್ಟದಿಂದ ಇಳಿಸಿದೆ. ನಡುವಿನ ಕಾಗದ ನೆನೆಯದಂತೆ ಬಟ್ಟಿಯಿಳಿಸಿದ ನೀರಿನಲ್ಲಿ ಒರೆಸಿ, ಒಣಗಿಸಿ, ಹಾಡನ್ನು ಕಂಪ್ಯೂಟರಿಗೆ ತುಂಬಲು ಕುಳಿತೆ.

ಬೇಡದ ಸದ್ದು ಎರಡು ಬಗೆ. ಒಂದು, ಎಡೆಬಿಡದ ಸರಸರ. ಹಾಡು ಮೊದಲಾಗುವ ಮುನ್ನಿನ ಬರಿಯ ಸರಸರವನ್ನು ಮಾದರಿಯಾಗಿ ತೋರಿಸಿದರೆ ಯಂತ್ರ ಅದನ್ನು ಉದ್ದಕ್ಕೂ ಕಳೆಯುತ್ತದೆ. ಆಸೆಗೆ ಬಿದ್ದು ಹೆಚ್ಚು ಕಳೆದೆ. ತಂಬೂರಿಯೂ ಜೊತೆಗೆ ಹೋಯಿತು! ಮರಳಿ ತಂದು, ಅರ್ಧಕ್ಕೆ ತೃಪ್ತನಾದೆ.

ಇನ್ನೊಂದು, ಗೀರಿನ ‘ಟಕ್’. ನಿಮಿಷಕ್ಕೆ ೩೩ ೧/೩ ಸುತ್ತು ತಿರುಗುವ ಪ್ಲೇಟಿನಲ್ಲಿ ಅದು ೧.೮ ಸೆಕೆಂಡಿಗೊಮ್ಮೆ ಬರುತ್ತದೆ. ಆ ಗೀರು ಹತ್ತು ವರ್ಷದ ಹುಡುಗನಾಗಿದ್ದ ನನ್ನ ಕೈಚಳಕ. ತಂದೆಯವರು ಬೈಯಲಿಲ್ಲ. ಆದರೆ ಮನ್ಸೂರರು ಹಾಡುವಾಗ ಕೆಮ್ಮಿದವರನ್ನೂ ದುರುಗುಟ್ಟಿ ನೋಡುತ್ತಿದ್ದ ಅವರು, ನೆಂಟರು ಕುಳಿತಿದ್ದಾಗ ಒಂದು ತಾನದ ನಡುವೆ ತಾವೇ ಗಟ್ಟಿಯಾಗಿ, “ಅಡಿಕೆ ಧಾರಣೆ ಏನಂತೆ?” ಎನ್ನುತ್ತಿದ್ದರು. ಇದೆಂಥ ರಸಿಕತೆಯೋ ಎಂದುಕೊಳ್ಳುತ್ತಿದ್ದೆ.

ಮೊನ್ನೆ ಅದೇ ತಾನದಲ್ಲಿ ಟಕ್ ಟಕ್ ಎಂದಾಗ ತಿಳಿಯಿತು, ಅವರು ಧಾರಣೆ ಕೇಳುತ್ತಿದ್ದುದು ಏಕೆಂದು.

ಹೇಳಿದರೆ ಯಂತ್ರ ಆ ಗೀರನ್ನು ಅಕ್ಕಪಕ್ಕದ ಸ್ವರದಿಂದ ಕ್ಷಣದಲ್ಲಿ ಹೊಲಿದುಬಿಡುತ್ತದೆ. ಹೇಳುವ ಮನಸ್ಸಾಗಲಿಲ್ಲ.